ಸಹಾಯ ಬೇಕು: ಮೈಕ್ರೋರಿಂಗ್‌ನಲ್ಲಿ ಸಾಲಿಟಾನ್ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನ್‌ಲೀನಿಯರ್ ಆಪ್ಟಿಕ್ಸ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ. ಮೈಕ್ರೋರಿಂಗ್, ಅಂದರೆ ಚಿಪ್ ಮೇಲಿನ ಪುಟ್ಟ ಬೆಳಕಿನ ಉಂಗುರದಲ್ಲಿ, ಆಕಾರ ಕೆಡದೆ ಸುತ್ತುತ್ತಲೇ ಇರುವ ಬೆಳಕಿನ ಮಿಡಿತವನ್ನು (ಸಾಲಿಟಾನ್) ನಿಲ್ಲಿಸಿಕೊಳ್ಳಲು ಒದ್ದಾಡುತ್ತಿದ್ದೇನೆ.

ನನ್ನದು ಸಿಲಿಕಾನ್ ನೈಟ್ರೈಡ್ ಉಂಗುರ. ಕ್ಯೂ (ಬೆಳಕನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದರ ಅಳತೆ) ಸುಮಾರು 10 ಲಕ್ಷ, ಎಫ್‌ಎಸ್‌ಆರ್ (ಪಕ್ಕಪಕ್ಕದ ಅನುರಣನಗಳ, ಅಂದರೆ ಉಂಗುರದಲ್ಲಿ ಬೆಳಕು ಕೂಡಿಕೊಂಡು ಬೆಳೆಯುವ ಆವರ್ತನಗಳ, ನಡುವಿನ ಅಂತರ) 200 ಗಿಗಾಹರ್ಟ್ಸ್, ಪಂಪ್ (ಉಂಗುರಕ್ಕೆ ಬೆಳಕು ತುಂಬುವ ಲೇಸರ್) 1550 ನ್ಯಾನೋಮೀಟರ್ ಆಸುಪಾಸು. ಲೇಸರನ್ನು ಕಡಿಮೆ ತರಂಗಾಂತರದಿಂದ ಹೆಚ್ಚಿನ ಕಡೆಗೆ ಸರಿಸಿದರೆ ಉಂಗುರ ಬಿಸಿಯಾಗಿ ಅನುರಣನವೂ ಜೊತೆಗೇ ಸರಿಯುತ್ತದೆ. ಆಸಿಲೋಸ್ಕೋಪಿನಲ್ಲಿ ಓರೆಯಾದ ತ್ರಿಕೋನ ಕಾಣುತ್ತದೆ. ತಿರುಗಿ ಬರುವಾಗ ಅದೇ ಅನುರಣನ ಸಣ್ಣ ಗೀಟಿನಷ್ಟೇ. ಇಲ್ಲಿಯವರೆಗೆ ಎಲ್ಲ ಸರಿ. ಫೋರ್ ವೇವ್ ಮಿಕ್ಸಿಂಗ್‌ನ (ಪಂಪಿನ ಬೆಳಕಿನಿಂದ ಹೊಸ ಬಣ್ಣಗಳು ಹುಟ್ಟುವುದು) ಸಾಲುಗಳೂ ಚೆನ್ನಾಗಿ ಬರುತ್ತಿವೆ.

ತೊಂದರೆ ಇರುವುದು ತ್ರಿಕೋನದ ತುದಿಯಲ್ಲಿ. ಅಲ್ಲಿ ಮೆಟ್ಟಿಲಿನಂಥ ಪುಟ್ಟ ಅಂಚೊಂದು ಕಾಣಿಸಿ ತಕ್ಷಣ ಕುಸಿಯುತ್ತದೆ. ಅದು ಸಾಲಿಟಾನ್ ಎಂದೇ ನನ್ನ ನಂಬಿಕೆ. ಸಾಲಿಟಾನ್ ಹುಟ್ಟಿದೊಡನೆ ಒಳಗಿನ ಬೆಳಕು ಇಳಿಯುತ್ತದೆ, ಉಂಗುರ ತಣ್ಣಗಾಗುತ್ತದೆ, ಅನುರಣನ ಪಂಪಿನ ಕೈಬಿಟ್ಟು ಹಿಂದಕ್ಕೆ ಹೋಗುತ್ತದೆ. ಸ್ವೀಪ್ ವೇಗ (ಲೇಸರಿನ ತರಂಗಾಂತರ ಸರಿಸುವ ವೇಗ) ಹೆಚ್ಚಿಸಿ ನೋಡಿದೆ, ಅಂಚು ತುಸು ಉದ್ದವಾಯಿತು, ಆದರೆ ನಿಲ್ಲಲಿಲ್ಲ.

ಈಗ ಎರಡನೇ ಲೇಸರನ್ನು ಎದುರು ದಿಕ್ಕಿನಿಂದ ಬೇರೊಂದು ಅನುರಣನಕ್ಕೆ ಬಿಟ್ಟು ಶಾಖವನ್ನು ಸರಿದೂಗಿಸುವ ಯೋಚನೆ. ಉಂಗುರ ತಣ್ಣಗಾದಾಗ ಅದು ತಾನಾಗಿ ಹೆಚ್ಚು ಒಳಹೊಕ್ಕು ಬಿಸಿ ತುಂಬಿಕೊಡಬೇಕು. ಅದಕ್ಕೆ ಎಷ್ಟು ದೂರದ ಅನುರಣನ ಆರಿಸಿಕೊಳ್ಳಲಿ? ಧ್ರುವೀಕರಣ (ಬೆಳಕಿನ ಕಂಪನದ ದಿಕ್ಕು) ಪಂಪಿನದೇ ಇರಬೇಕೇ, ಅಡ್ಡದ್ದು ಒಳ್ಳೆಯದೇ? ಚಿಪ್‌ನ ಅಂಚಿನಿಂದ ಪ್ರತಿಫಲಿಸುವ ಬೆಳಕು ಡಿಟೆಕ್ಟರಿಗೆ ಸೇರದಂತೆ ಏನು ಮಾಡಿದಿರಿ? ಕೈಯಾರೆ ಮಾಡಿ ನೋಡಿದವರ ಮಾತು ನನಗೆ ಬಹಳ ಮುಖ್ಯ. ಆಸಿಲೋಸ್ಕೋಪಿನ ಟ್ರೇಸ್‌ಗಳು ಬೇಕಿದ್ದರೆ ಇಲ್ಲೇ ಹಾಕುತ್ತೇನೆ.