ಪರ್ವತದಲ್ಲಿ ದಾರಿ ತೋರಿಸಿ, ಹೇರು ಕಟ್ಟಿದ ಮೊದಲ ಮಹಿಳೆಯರು ಯಾರು?

ಪ್ರಶ್ನೆ: ಉಪನ್ಯಾಸಕಿ, ಚಿಕ್ಕಬಳ್ಳಾಪುರ

ಸ್ಕಂದಗಿರಿಗೆ ಚಾರಣ ಹೊರಡಲಿರುವ ನಮ್ಮ ಕಾಲೇಜಿನ ವಿದ್ಯಾರ್ಥಿನಿಯರಿಗೆ ನಾನೊಂದು ಉಪನ್ಯಾಸ ನೀಡಬೇಕಾಗಿದೆ. 1984ರಲ್ಲಿ ಎವರೆಸ್ಟ್ ಏರಿದ ಬಚೇಂದ್ರಿ ಪಾಲ್ ಅವರಂತಹ ಆರೋಹಿಗಳ ಬಗ್ಗೆ ಓದಲು ಬೇಕಾದಷ್ಟಿದೆ. ಆದರೆ ಇತರರನ್ನು ಬೆಟ್ಟಕ್ಕೆ ಕರೆದೊಯ್ಯುವುದನ್ನೂ ಕುದುರೆಗಳ ಮೇಲೆ ಹೇರು ಸಾಗಿಸುವುದನ್ನೂ ವೃತ್ತಿಯಾಗಿ ಮಾಡಿಕೊಂಡ ಮಹಿಳೆಯರ ಕುರಿತು ಕನ್ನಡದಲ್ಲಿ ನನಗೆ ಏನೂ ಸಿಗಲಿಲ್ಲ. ಕೆನಡಾದ ಮೋನಾ ಹ್ಯಾರಗಿನ್ ಎಂಬವರ ಹೆಸರು ಮಾತ್ರ ಕಿವಿಗೆ ಬಿದ್ದಿದೆ. ಅವರ ಕೆಲಸ ಹೇಗಿತ್ತು? ಅವರನ್ನು ಮೊದಲಿಗರು ಎನ್ನಬಹುದೇ?

ಉತ್ತರ: ಚಾರಣಿಗ, ಮಧುಗಿರಿ

ಮೇಡಂ, ಮೋನಾ ಅವರೊಬ್ಬರೇ ಅಲ್ಲ, ಅವರ ಸಹೋದರಿ ಆಗ್ನೆಸ್ ಕೂಡ ಜೊತೆಗಿದ್ದರು. 1920ರ ದಶಕದ ಕೊನೆಯಲ್ಲಿ ಅಲ್ಬರ್ಟಾದ ಜಾಸ್ಪರ್ ರಾಷ್ಟ್ರೀಯ ಉದ್ಯಾನದಲ್ಲಿ, ಪ್ರವಾಸಿ ಶಿಬಿರಗಳನ್ನು ನಡೆಸುತ್ತಿದ್ದ ಫ್ರೆಡ್ ಬ್ರೂಸ್ಟರ್ ಅವರ ಬಳಿ ಕೆಲಸಕ್ಕಿದ್ದ ಈ ಅಕ್ಕತಂಗಿಯರು ಪರವಾನಗಿ ಪಡೆದ ಮಾರ್ಗದರ್ಶಿಗಳಾದರು. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಅಂತಹ ಪರವಾನಗಿ ಪಡೆದ ಮೊದಲ ಮಹಿಳೆಯರೆಂದು ಅವರನ್ನು ಗುರುತಿಸಲಾಗುತ್ತದೆ. ಮುಂದೆ ಮೋನಾ ಅವರು ಉದ್ಯಾನದ ವಾರ್ಡನ್ ಚಾರ್ಲಿ ಮ್ಯಾಥೆಸನ್ ಅವರನ್ನು ಮದುವೆಯಾದರು.

ಮಾರ್ಗದರ್ಶಿ ಎಂದೊಡನೆ ಮುಂದೆ ನಡೆಯುವವರು ಎಂಬ ಚಿತ್ರವಷ್ಟೇ ನಮ್ಮ ಮನಸ್ಸಿಗೆ ಬರುತ್ತದೆ. ಅದೇ ಉದ್ಯಾನದ ಮಲೀನ್ ಸರೋವರದವರೆಗೆ ಆಗ ವಾಹನದ ರಸ್ತೆ ಇರಲಿಲ್ಲವಾದ್ದರಿಂದ ಡೇರೆ, ಹಾಸಿಗೆ, ಹಿಟ್ಟು, ಅಡುಗೆಯ ಪಾತ್ರೆಗಳೆಲ್ಲವೂ ಕುದುರೆಗಳ ಬೆನ್ನ ಮೇಲೆಯೇ ಹೋಗಬೇಕಾಗಿತ್ತು. ಮರದ ಜೀನಿನ ಎರಡು ಪಕ್ಕಗಳಲ್ಲಿ ತೂಗುಬಿಡುವ ಪೆಟ್ಟಿಗೆಗಳ ತೂಕ ಸಮನಾಗಿರದಿದ್ದರೆ ಕಡಿದಾದ ಇಳಿಜಾರಿನಲ್ಲಿ ಜೀನು ಒಂದು ಬದಿಗೆ ಜಾರಿ ಕುದುರೆಯ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಬೆನ್ನು ಹುಣ್ಣಾದ ಕುದುರೆಗೆ ಮರುದಿನ ಹೇರು ಹಾಕಲಾಗುವುದಿಲ್ಲ, ಅದರ ಪಾಲಿನ ಭಾರವನ್ನು ಉಳಿದವುಗಳೇ ಹೊರಬೇಕಾಗುತ್ತದೆ. ಪೆಟ್ಟಿಗೆಗಳ ಮೇಲೆ ಕ್ಯಾನ್ವಾಸ್ ಹೊದಿಸಿ, ವಜ್ರದಾಕಾರ ಬರುವಂತೆ ಹಗ್ಗ ಬಿಗಿಯುವ ಗಂಟೊಂದಿದೆ. ಅದನ್ನು ದಿನವೂ ಬೆಳಿಗ್ಗೆ ಪ್ರತಿಯೊಂದು ಕುದುರೆಗೂ ಹೊಸದಾಗಿ ಹಾಕಬೇಕು. ರಾತ್ರಿ ಮೇಯಲು ಬಿಟ್ಟ ಕುದುರೆಗಳನ್ನು ಮುಂಜಾನೆ ಕೊರಳಗಂಟೆಯ ಸದ್ದು ಹಿಡಿದು ಹುಡುಕಿ ತರುವುದೂ ಇದೇ ಕೆಲಸದ ಭಾಗ. ಹಿಮನದಿಗಳಿಂದ ಹರಿದುಬರುವ ಹೊಳೆಗಳು ಬಿಸಿಲೇರಿದಂತೆ ಉಕ್ಕುವುದರಿಂದ, ದಾಟುವುದಿದ್ದರೆ ಬೆಳಿಗ್ಗೆಯೇ ದಾಟಬೇಕು. ಹೀಗಾಗಿ ಹೇರು ಕಟ್ಟಲು ತಡವಾದರೆ ದಾರಿಯೇ ಮುಚ್ಚಿಹೋಗಬಹುದು. ತಮ್ಮ ಉಪನ್ಯಾಸದಲ್ಲಿ ಶಿಖರಗಳ ಎತ್ತರಕ್ಕಿಂತ ಈ ಕೈಕೆಲಸಕ್ಕೆ ಹೆಚ್ಚು ಸಮಯ ಕೊಡಬೇಕೆಂದು ನನ್ನ ಸಲಹೆ.

ಉತ್ತರ: ಇತಿಹಾಸಾಸಕ್ತ, ಕೋಲಾರ

ಮಧುಗಿರಿಯ ಮಿತ್ರರ ವಿವರಣೆ ಚೆನ್ನಾಗಿದೆ. ಹ್ಯಾರಗಿನ್ ಸಹೋದರಿಯರು ಮೊದಲಿಗರು ಎಂಬ ಮಾತು ಕೆನಡಾದ ಮಟ್ಟಿಗೆ ಸರಿ, ಇಡೀ ಖಂಡಕ್ಕೆ ಅನ್ವಯಿಸಿದರೆ ತಪ್ಪಾಗುತ್ತದೆ. ಅಮೆರಿಕದ ಕೊಲರಾಡೊದಲ್ಲಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಎಸ್ತರ್ ಬರ್ನೆಲ್ ಮತ್ತು ಅವರ ಸಹೋದರಿ ಎಲಿಜಬೆತ್ 1917ರಲ್ಲಿಯೇ ಪ್ರಕೃತಿ ಮಾರ್ಗದರ್ಶಿಗಳಾಗಿ ಪರವಾನಗಿ ಪಡೆದಿದ್ದರು. ಅದಕ್ಕೊಂದು ನಿರ್ಬಂಧವಿತ್ತು: ಮರಗಳು ಬೆಳೆಯುವ ಎತ್ತರವನ್ನು ದಾಟಿ ಮೇಲಕ್ಕೆ ಹೋಗಬೇಕಾದರೆ ಮೊದಲ ದರ್ಜೆಯ ಪುರುಷ ಮಾರ್ಗದರ್ಶಿಯೊಬ್ಬರು ಜೊತೆಗಿರಬೇಕಾಗಿತ್ತು. ಹೀಗಿದ್ದೂ ಎಲಿಜಬೆತ್ ಮುಂದೆ 14,259 ಅಡಿ ಎತ್ತರದ ಲಾಂಗ್ಸ್ ಶಿಖರಕ್ಕೆ ಜನರನ್ನು ಕರೆದೊಯ್ದರು. ಅರ್ಹತೆಯನ್ನು ಅಳೆಯಬೇಕಾದ ಕಾಗದ ಲಿಂಗವನ್ನು ಅಳೆಯುತ್ತಿತ್ತು ಎಂಬುದನ್ನು ವಿದ್ಯಾರ್ಥಿನಿಯರಿಗೆ ಹೇಳದೆ ಬಿಡಬೇಡಿ.

ಪ್ರತಿಕ್ರಿಯೆ: ಉಪನ್ಯಾಸಕಿ, ಚಿಕ್ಕಬಳ್ಳಾಪುರ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪರವಾನಗಿ ಪದ್ಧತಿ ಬರುವುದಕ್ಕಿಂತ ಮೊದಲು ಈ ಕೆಲಸ ಮಾಡಿದ ಮಹಿಳೆಯರು ಲೆಕ್ಕಕ್ಕೆ ಬರುವುದಿಲ್ಲವೇ?

ಉತ್ತರ: ನಿವೃತ್ತ ಶಿಕ್ಷಕ, ತುಮಕೂರು

ಖಂಡಿತ ಬರಬೇಕಮ್ಮ. ಮೇರಿ ಶೇಫರ್ ಎಂಬ ಅಮೆರಿಕದ ಮಹಿಳೆ 1908ರಲ್ಲಿ ಮಲೀನ್ ಸರೋವರವನ್ನು ತಲುಪಿದ್ದು ಸ್ಟೋನಿ ಬುಡಕಟ್ಟಿನ ಸ್ಯಾಮ್ಸನ್ ಬೀವರ್ ತನ್ನ ಬಾಲ್ಯದ ನೆನಪಿನಿಂದ ಬರೆದುಕೊಟ್ಟ ನಕ್ಷೆಯ ಆಧಾರದಿಂದ. ಆಕೆಯ ಮಾರ್ಗದರ್ಶಿಗಳಾಗಿದ್ದ ಬಿಲ್ಲಿ ವಾರೆನ್ ಮತ್ತು ಸಿಡ್ ಅನ್‌ವಿನ್ ಅವರ ಹೆಸರುಗಳು ದಾಖಲೆಯಲ್ಲಿವೆ. ಬಿಡಾರ ಕಿತ್ತು, ಕುದುರೆಗಳ ಮೇಲೆ ಹೇರಿ, ಕಣಿವೆಯಿಂದ ಕಣಿವೆಗೆ ಸಂಸಾರ ಸಾಗಿಸುತ್ತಿದ್ದ ಬುಡಕಟ್ಟಿನ ಹೆಂಗಸರಿಗೆ ಯಾರೂ ಪರವಾನಗಿ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ನಮ್ಮ ಸೀಮೆಯಲ್ಲಿಯೂ ಹೇರೆತ್ತುಗಳ ಮೇಲೆ ದವಸ, ಉಪ್ಪು ಸಾಗಿಸುತ್ತಿದ್ದ ಲಂಬಾಣಿ ತಾಂಡಾಗಳಲ್ಲಿ ಹೆಂಗಸರು ಗಂಡಸರ ಸಮಕ್ಕೆ ನಡೆದು ದುಡಿದವರೇ. ಆದ್ದರಿಂದ ಹ್ಯಾರಗಿನ್ ಸಹೋದರಿಯರನ್ನು 'ಪರವಾನಗಿ ಪಡೆದ ಮೊದಲಿಗರು' ಎಂದು ಕರೆಯಿರಿ. ಅವರ ಗೌರವಕ್ಕೆ ಅದರಿಂದ ಕುಂದೇನೂ ಬರುವುದಿಲ್ಲ.

ಉತ್ತರ: ಚಾರಣಿಗ, ಮಧುಗಿರಿ

ಗುರುಗಳ ಮಾತನ್ನು ಒಪ್ಪುತ್ತೇನೆ. ಇಂದಿನ ಉದಾಹರಣೆ ಬೇಕಿದ್ದರೆ, ನೇಪಾಳದ ಪೋಖರಾದಲ್ಲಿ ಲಕ್ಕಿ, ಡಿಕ್ಕಿ, ನಿಕ್ಕಿ ಛೇತ್ರಿ ಎಂಬ ಸಹೋದರಿಯರು 1990ರ ದಶಕದಿಂದ ಮಹಿಳೆಯರಿಗೆ ಚಾರಣದ ಮಾರ್ಗದರ್ಶನದ ತರಬೇತಿ ನೀಡುತ್ತಿದ್ದಾರೆ. ನಮ್ಮ ರಾಜ್ಯದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿನಿಯರು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳನ್ನು ವಿಚಾರಿಸಬಹುದು. ಉಪನ್ಯಾಸದ ದಿನ ಒಂದು ಬೆಂಚು, ಎರಡು ಗೋಣಿಚೀಲ, ಒಂದು ಉದ್ದನೆಯ ಹಗ್ಗ ಇಟ್ಟುಕೊಳ್ಳಿ. ಎರಡೂ ಬದಿಯ ತೂಕ ಸರಿದೂಗುವಂತೆ ಚೀಲಗಳನ್ನು ತುಂಬಿ ಬೆಂಚಿನ ಮೇಲೆ ಕಟ್ಟಲು ಹುಡುಗಿಯರಿಗೇ ಹೇಳಿ, ಆಮೇಲೆ ಬೆಂಚನ್ನು ಓರೆಯಾಗಿಸಿ ತೋರಿಸಿ.