ಹೊಸ ಲಾರಿ ಡ್ರೈವರ್‌ಗೆ ಮ್ಯಾಪು, ಕಂಪ್ಯೂಟರು ಕಲಿಸೋದು ಹೇಗೆ? ಅನುಭವ ಇದ್ದೋರು ಹೇಳಿ

ಕೇಳಿದವರು: ನನ್ನ ತಮ್ಮನಿಗೆ ಹೆವಿ ಲೈಸೆನ್ಸ್ ಬಂದಿದೆ. ಕ್ಲೀನರ್ ಆಗಿ ಓಡಾಡಿದವನು, ಸ್ಟೇರಿಂಗ್ ಬಗ್ಗೆ ಚಿಂತೆಯಿಲ್ಲ. ಓದಿದ್ದು ಏಳನೇ ಕ್ಲಾಸು. ಕನ್ನಡ ಸಲೀಸು, ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದ್ತಾನೆ. ಈಗ ಸೇರಿರೋ ಟ್ರಾನ್ಸ್‌ಪೋರ್ಟಿನಲ್ಲಿ ಇ-ವೇ ಬಿಲ್ಲು (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ), ಲೊಕೇಶನ್, ಪಿಒಡಿ (ಮಾಲು ತಲುಪಿತು ಅನ್ನೋ ಪುರಾವೆ) ಎಲ್ಲಾ ಫೋನಲ್ಲೇ ಅಂತೆ. ಕಂಪ್ಯೂಟರ್ ಕ್ಲಾಸಿಗೆ ಸೇರಿಸಲಾ? ಮ್ಯಾಪ್ ನೋಡೋದನ್ನ ಎಲ್ಲಿಂದ ಶುರು ಮಾಡಿಸಲಿ?

ಲಾರಿ ಮಾಲೀಕರು, ಚಿತ್ರದುರ್ಗ ಕಡೆ: ಏಳನೇ ಕ್ಲಾಸು ಅಂತ ಅಳುಕಬೇಡಿ. ಹೆವಿ ಲೈಸೆನ್ಸಿಗೆ ಎಂಟನೇ ಕ್ಲಾಸು ಆಗಿರಬೇಕು ಅನ್ನೋ ನಿಯಮವನ್ನ ಕೇಂದ್ರ ಸರ್ಕಾರವೇ 2019ರಲ್ಲಿ ತೆಗೆದುಹಾಕಿದೆ. ನನ್ನ ಗಾಡಿಗಳಿಗೆ ಬರೋ ಹೊಸ ಹುಡುಗರಿಗೆಲ್ಲ ಫೋನ್ ಬರುತ್ತೆ, ದಾರಿ ಬರಲ್ಲ. ನೀಲಿ ಗೆರೆ ಎತ್ತ ತಿರುಗಿದರೆ ಅತ್ತ ಸ್ಟೇರಿಂಗು. ಅದಕ್ಕೇ ನಾನು ಮೊದಲು ಕೈಗೆ ಕೊಡೋದು ಕಾಗದದ ಮ್ಯಾಪು. ಪುಸ್ತಕದಂಗಡೀಲಿ ಸಿಗೋ ಕರ್ನಾಟಕದ ರಸ್ತೆ ನಕ್ಷೆ ಸಾಕು. ಮೇಲ್ಗಡೆ ಉತ್ತರ ಅಂತ ತೋರಿಸಿ, ಅವನು ಕ್ಲೀನರ್ ಆಗಿ ಓಡಾಡಿದ ದಾರಿಯನ್ನೇ ಬೆರಳಿಟ್ಟು ಹುಡುಕಿಸಿ. ಕಾಣದ ಊರು ಕೊಟ್ಟರೆ ಬೇಜಾರಾಗಿ ಬಿಟ್ಟುಬಿಡ್ತಾನೆ.

ಆಮೇಲೆ ಹೆದ್ದಾರಿ ನಂಬರು. 2010ರಲ್ಲಿ ನಂಬರೆಲ್ಲ ಬದಲಾದವು, ಹಳೇ ಡ್ರೈವರುಗಳ ಬಾಯಲ್ಲಿ ಮಾತ್ರ ಇನ್ನೂ ಹಳೇವೇ ಓಡ್ತಿವೆ. ನೆಲಮಂಗಲವನ್ನೇ ತಗೊಳ್ಳಿ. ಆಗ ಕುಣಿಗಲ್, ಹಾಸನ, ಮಂಗಳೂರಿನ ರಸ್ತೆ 48, ತುಮಕೂರಿನದು 4. ಈಗ ಹಾಸನದ್ದು 75, ತುಮಕೂರು, ಹುಬ್ಬಳ್ಳಿ, ಪುಣೆ ಕಡೆಯದು 48. ‘ನೆಲಮಂಗಲದಲ್ಲಿ 48 ಹಿಡಿಯಪ್ಪಾ’ ಅಂತ ಹಿರಿಯರು ಫೋನಲ್ಲಿ ಹೇಳಿದರೆ, ಬೋರ್ಡು ನೋಡಿ ಹೋದ ಹುಡುಗ ಶಿರಾಡಿ ಘಾಟಿ ಇಳಿಯೋ ಬದಲು ಸಿರಾ ಸೇರ್ತಾನೆ. ನಂಬರು ಹೇಳಿದವರ ಹತ್ರ ಊರಿನ ಹೆಸರೂ ಕೇಳೋ ರೂಢಿ ಮಾಡಿಸಿ. ಸಮ ಸಂಖ್ಯೆ ಉತ್ತರ-ದಕ್ಷಿಣ, ಬೆಸ ಸಂಖ್ಯೆ ಪೂರ್ವ-ಪಶ್ಚಿಮ. 275 ಥರ ಮೂರಂಕಿ ಬಂದರೆ 75ರ ಕವಲು. ಇದು ಹುಡುಗರಿಗೆ ಬೇಗ ಹತ್ತುತ್ತೆ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. 48ರಲ್ಲೇ ಇದ್ದೀನಿ ಅಂದುಕೊಂಡಾಗ ಹಸಿರು ಕಲ್ಲು ಕಂಡರೆ ಗಾಡಿ ಸೈಡಿಗೆ ಹಾಕಿ ವಿಚಾರಿಸಲಿ.

ಫೋನಿನ ಮ್ಯಾಪು ಇದಾದ ಮೇಲೆ. ಗೂಗಲ್ ಮ್ಯಾಪಿಗೆ ನಿಮ್ಮದು ಲಾರಿ ಅಂತ ಗೊತ್ತಿಲ್ಲ, ಕಾರಿನ ದಾರಿಯನ್ನೇ ಹತ್ತು ಚಕ್ರದ ಗಾಡಿಗೂ ಹೇಳುತ್ತೆ. ಶಿವಮೊಗ್ಗದಿಂದ ಉಡುಪಿ ಹಾಕಿದರೆ ತೀರ್ಥಹಳ್ಳಿ ದಾಟಿಸಿ ಆಗುಂಬೆ ತೋರಿಸುತ್ತೆ. ಆ ತಿರುವುಗಳಲ್ಲಿ ಭಾರೀ ವಾಹನ ಬಿಡಲ್ಲ. ಚಾರ್ಮಾಡಿಯೂ ಹಾಗೇ. ಹೊರಡೋ ಮೊದಲು ಸ್ಯಾಟಲೈಟ್ ಚಿತ್ರ ಹಾಕಿ, ತಲುಪೋ ಜಾಗದ ಸುತ್ತಮುತ್ತ ನೋಡಿಸಿ: ಗೋಡೌನ್ ಗೇಟು ಯಾವ ಕಡೆ, ಗಾಡಿ ತಿರುಗಿಸೋಕೆ ಜಾಗ ಇದೆಯಾ, ಮಧ್ಯೆ ರೈಲ್ವೆ ಅಂಡರ್‌ಪಾಸ್ ಅಡ್ಡ ಬರುತ್ತಾ. ಅದರ ಎತ್ತರವನ್ನ ಮ್ಯಾಪು ನಂಬಿ ಹೋಗಬಾರದು, ಮಾಲು ಇಳಿಸಿಕೊಳ್ಳೋರಿಗೇ ಫೋನ್ ಮಾಡಿ ಕೇಳಬೇಕು.

ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿಲ್ಲಿಂಗ್ ನೋಡೋಳು: ಕಂಪ್ಯೂಟರ್ ಕ್ಲಾಸಿಗೆ ಈಗಲೇ ದುಡ್ಡು ಸುರೀಬೇಡಿ. ಅಲ್ಲಿ ಎಕ್ಸೆಲ್, ಪವರ್‌ಪಾಯಿಂಟ್ ಕಲಿಸ್ತಾರೆ, ಡ್ರೈವರಿಗೆ ಬೇಕಾದ್ದು ಇ-ವೇ ಬಿಲ್ಲು ಓದೋದು. ಹಳೇ ಬಿಲ್ಲೊಂದರ ಪ್ರಿಂಟ್ ತಗೊಂಡು ಗಾಡಿ ನಂಬರು, ತಲುಪಿಸೋ ಜಾಗದ ಪಿನ್‌ಕೋಡು, ವ್ಯಾಲಿಡಿಟಿ, ಇಷ್ಟಕ್ಕೂ ಪೆನ್ನಲ್ಲಿ ಸುತ್ತು ಹಾಕಿ ಕೊಡಿ. ಲೋಡ್ ಆದ ಕೂಡಲೇ ತನ್ನ ಗಾಡಿಯ ಪ್ಲೇಟಿಗೂ ಬಿಲ್ಲಿಗೂ ತಾಳೆ ನೋಡಲಿ. ವ್ಯಾಲಿಡಿಟಿ ಅಂದರೆ ಬಿಲ್ಲು ನಡೆಯೋ ಅವಧಿ: ಮಾಮೂಲಿ ಸರಕಿಗೆ 200 ಕಿ.ಮೀ.ಗೆ ಒಂದು ದಿನ, ಮೇಲೆ ಉಳಿದ ತುಂಡು ದೂರಕ್ಕೂ ಒಂದು ದಿನ. ಬೆಂಗಳೂರಿಂದ ಹುಬ್ಬಳ್ಳಿ 400 ಚಿಲ್ಲರೆ, ಅಂದರೆ ಮೂರು ದಿನ. ದಾರೀಲಿ ಗಾಡಿ ಕೆಟ್ಟು ನಿಂತರೆ, ಅವಧಿ ಮುಗಿಯೋ 8 ಗಂಟೆ ಮೊದಲಿಂದ ಮುಗಿದ 8 ಗಂಟೆವರೆಗೆ ವಿಸ್ತರಿಸಬಹುದು. ಆದರೆ ಗಾಡಿ ನಿಂತಿರೋದು ನಮಗೆ ಗೊತ್ತಾಗಬೇಕಲ್ಲ! ಸರಕು ಬೇರೆ ಲಾರಿಗೆ ಹಾಕಿದರೆ ಬಿಲ್ಲಿನ ಪಾರ್ಟ್-ಬಿಯಲ್ಲಿ (ಗಾಡಿ ವಿವರ ಇರೋ ಭಾಗ) ಹೊಸ ನಂಬರು ಸೇರಿಸಲೇಬೇಕು. ನಮ್ಮಲ್ಲಿ ಡ್ರೈವರಿಗೂ ಆಫೀಸಿಗೂ ಆಗೋ ಜಗಳ ಬಹುಪಾಲು ಇದರದ್ದೇ.

ಪಿಒಡಿ ಫೋಟೋ ತೆಗೆಯೋದನ್ನೂ ಮನೇಲೇ ರೂಢಿ ಮಾಡಿಸಿ. ಎಲ್‌ಆರ್ (ಲಾರಿ ರಸೀದಿ) ಕಾಪಿಯನ್ನ ರಟ್ಟಿನ ಮೇಲೆ ಚಪ್ಪಟೆ ಇಟ್ಟು, ಬೆಳಕಲ್ಲಿ, ಸೀಲು-ಸಹಿ-ತಾರೀಕು ಕಾಣೋ ಹಾಗೆ. ತೊಡೆ ಮೇಲಿಟ್ಟು ಕ್ಯಾಬಿನ್ ಕತ್ತಲಲ್ಲಿ ತೆಗೆದದ್ದು ಬಂದರೆ ವಾಪಸ್ ಕೇಳ್ತೀವಿ, ಅಷ್ಟು ದಿನ ಬಾಡಿಗೆ ನಿಲ್ಲುತ್ತೆ. ಲೈಸೆನ್ಸನ್ನ ಡಿಜಿಲಾಕರ್‌ಗೆ (ದಾಖಲೆ ಇಟ್ಟುಕೊಳ್ಳೋ ಸರ್ಕಾರಿ ಆ್ಯಪು) ಹಾಕಿಸಿ. ಆಧಾರ್‌ಗೆ ಲಿಂಕ್ ಆದ ಸಿಮ್ಮು ಅವನ ಹತ್ರವೇ ಇರಲಿ, ಇಲ್ಲದಿದ್ದರೆ ಓಟಿಪಿ ಊರಲ್ಲಿರೋ ಅಪ್ಪನ ಫೋನಿಗೆ ಹೋಗುತ್ತೆ.

ಡ್ರೈವರ್, ಹುಬ್ಬಳ್ಳಿ: ಬರಿಯೋದು ತ್ರಾಸ ಆದ್ರ ಮೈಕ್ ಒತ್ತಿ ಕನ್ನಡದಾಗ ಮಾತಾಡು ಅಂತ ಹೇಳ್ರಿ, ಊರ ಹೆಸರು ತಾನ ಬರ್ತೈತಿ. ಮ್ಯಾಪಿನ ದನಿನೂ ಕನ್ನಡಕ್ಕ ಹಾಕ್ರಿ. ಒಂದ ಹೆಸರಿನ ಊರು ಭಾಳ ಅದಾವ, ತಾಲೂಕು ಕೂಡಿಸಿ ಹೇಳಬೇಕು. ಅಂಕೋಲಾ ಕಡೆ ಹೊಂಟ್ರ ಯಲ್ಲಾಪುರ ಬರೂದ್ರೊಳಗ ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡಿರಬೇಕ್ರಿ, ಅರಬೈಲ್ ಘಾಟಿನ್ಯಾಗ ನೆಟ್‌ವರ್ಕ್ ನಂಬಂಗಿಲ್ಲ. ಆಫ್‌ಲೈನ್ ಇದ್ದಾಗ ಟ್ರಾಫಿಕ್ ತೋರಸಂಗಿಲ್ಲ, ಅದೂ ಗೊತ್ತಿರ್ಲಿ. ಮೈಸೂರಿಂದ ವಯನಾಡು ಕಡೆ ಲೋಡ್ ಸಿಕ್ರ ಬಂಡೀಪುರದ ಲೆಕ್ಕ ಹಾಕ್ರಿ: ರಾತ್ರಿ 9ರಿಂದ ಮುಂಜಾನೆ 6ರ ತನಕ ಗೇಟ್ ಬಂದ್. ಗುಂಡ್ಲುಪೇಟೆ ಎಷ್ಟಕ್ಕ ಮುಟ್ತೀವಿ ಅಂತ ನೋಡೇ ಮೈಸೂರು ಬಿಡಬೇಕು. ಗಾಡಿ ಹೊಡಕೋತ ಫೋನ್ ಮುಟ್ಟೋದ ಬ್ಯಾಡ. ಮಗ್ಗಲಿಗೆ ಕ್ಲೀನರ್ ಇದ್ರ ಅವಂಗೂ ಮ್ಯಾಪ್ ಕಲಿಸ್ರಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕೇಳೋದಿತ್ತು. ಕೆಲವು ಪಾರ್ಟಿಯವರು ಲೊಕೇಶನ್ ಅಂತ ಬರೀ ಅಂಕಿ ಕಳಿಸ್ತಾರಂತೆ. ಅದನ್ನೇನು ಮಾಡೋದು?

ಬಿಲ್ಲಿಂಗ್ ನೋಡೋಳು: ಹಾಗೇ ಕಾಪಿ ಮಾಡಿ ಮ್ಯಾಪಿನ ಸರ್ಚಿಗೆ ಪೇಸ್ಟ್ ಮಾಡಿದರೆ ಆಯ್ತು. ಮೊದಲನೇದು ಅಕ್ಷಾಂಶ, ಎರಡನೇದು ರೇಖಾಂಶ. ಕರ್ನಾಟಕದೊಳಗೆ ಮೊದಲನೇ ಅಂಕಿ 11ರಿಂದ 18, ಎರಡನೇದು 74ರಿಂದ 78. ಮೊದಲೇ 75 ಅಂತಿದ್ದರೆ ಕಳಿಸಿದವರು ತಿರುಗಾಮುರುಗಾ ಹಾಕಿದ್ದಾರೆ, ಪಿನ್ನು ನಾರ್ವೆ ಆಚೆ ಸಮುದ್ರಕ್ಕೆ ಬೀಳುತ್ತೆ. ಅದಲು ಬದಲು ಮಾಡಿ ಹಾಕಿ, ಬಂದ ಊರು ಬಿಲ್ಲಿನ ಪಿನ್‌ಕೋಡಿಗೆ ಹೊಂದುತ್ತಾ ನೋಡಿಕೊಳ್ಳಲಿ.