ಕಾರವಾರದಲ್ಲಿ ಫ್ಲ್ಯಾಟೋ, ಅವರ್ಸಾ ಕಡೆ ಹಳೆಯ ಮನೆಯೋ: ನೀವು ಹೇಗೆ ನಿರ್ಧರಿಸಿದಿರಿ?

ಪ್ರಶ್ನೆ – ಕಾಜುಬಾಗದ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದ ಕಾಜುಬಾಗದಲ್ಲಿ ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದೇವೆ. ನನ್ನದು ಜಿಲ್ಲೆಯೊಳಗೆ ವರ್ಗವಾಗುವ ಸರ್ಕಾರಿ ನೌಕರಿ. ಪತ್ನಿ ಇಲ್ಲಿಯ ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕಿ, ಅವರಿಗೆ ವರ್ಗವಿಲ್ಲ. ಮಗ ಏಳನೆಯ ತರಗತಿಯಲ್ಲಿದ್ದಾನೆ. ಮೊಣಕಾಲು ನೋವಿರುವ ನಮ್ಮ ಆಯಿಯೂ (ತಾಯಿ) ಜೊತೆಗಿದ್ದಾರೆ. ಬ್ಯಾಂಕಿನವರು 30 ಲಕ್ಷದವರೆಗೆ ಸಾಲ ಕೊಡಲು ಸಿದ್ಧರಿದ್ದಾರೆ.

ಎರಡು ಆಸ್ತಿಗಳನ್ನು ನೋಡಿದ್ದೇವೆ. ಒಂದು, ಪೇಟೆಗೆ ಹತ್ತಿರವಿರುವ ಎರಡನೆಯ ಮಹಡಿಯ ಫ್ಲ್ಯಾಟು. ಬೆಲೆ 42 ಲಕ್ಷ, ಮೊದಲ ಮಾಲೀಕರಿಂದ ಮಾರಾಟಕ್ಕಿದೆ, ಲಿಫ್ಟ್ ಇಲ್ಲ. ಇನ್ನೊಂದು, ಅಂಕೋಲಾ ತಾಲೂಕಿನ ಅವರ್ಸಾ ಕಡೆ ಐದು ಗುಂಟೆ ಜಾಗದಲ್ಲಿರುವ ಚಿರೆಕಲ್ಲಿನ ಹಂಚಿನ ಮನೆ. ಬೆಲೆ ಕಡಿಮೆ, ಬಾವಿ ಇದೆ, ಹಿಂದೆ ಗುಡ್ಡವಿದೆ. ಶಿರಸಿ ತಾಲೂಕಿನ ನಮ್ಮ ಮೂಲಮನೆಯಲ್ಲಿ ಪಾಲಿದೆಯಾದರೂ ಅಲ್ಲಿಗೆ ಮರಳುವುದು ನಿವೃತ್ತಿಯ ನಂತರದ ಮಾತು. ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಮನೆ ಕೊಂಡಿರುವ ನೀವು ಏನನ್ನು ಮುಖ್ಯವೆಂದು ಎಣಿಸಿ ತೀರ್ಮಾನಕ್ಕೆ ಬಂದಿರಿ ಎಂಬುದನ್ನು ತಿಳಿಯಬೇಕಾಗಿದೆ.

ಉತ್ತರ – ನಿವೃತ್ತ ಬ್ಯಾಂಕ್ ನೌಕರ, ಕೋಡಿಬಾಗ

ಗೃಹಸಾಲದ ಮೇಜಿನ ಹಿಂದೆ ಬಹುಕಾಲ ಕುಳಿತವನಾಗಿ ಹಣದ ಭಾಗವನ್ನಷ್ಟೇ ಹೇಳುತ್ತೇನೆ. 30 ಲಕ್ಷ ಸಾಲಕ್ಕೆ ಶೇ. 8.5 ಬಡ್ಡಿ ಹಿಡಿದರೆ 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 26,035 ರೂಪಾಯಿ ಬರುತ್ತದೆ. ಕೊನೆಗೆ ಕಟ್ಟಿದ ಮೊತ್ತ 62 ಲಕ್ಷ ದಾಟುತ್ತದೆ. ಅದನ್ನೇ 15 ವರ್ಷಕ್ಕೆ ಇಳಿಸಿದರೆ ಕಂತು 29,500ರ ಆಸುಪಾಸಿಗೆ ಏರುತ್ತದೆ, ಆದರೆ ಒಟ್ಟಾರೆ ಒಂಬತ್ತು ಲಕ್ಷದಷ್ಟು ಉಳಿಯುತ್ತದೆ. ಬಾಡಿಗೆ ವ್ಯರ್ಥ ಎನ್ನುವವರು ಈ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಫ್ಲ್ಯಾಟಿನ ಬೆಲೆ 42 ಲಕ್ಷವೆಂದರೆ ನಿಮ್ಮ ಕೈಯಿಂದ 12 ಲಕ್ಷ ಹಾಕಿದರೆ ಸಾಕು ಎಂದು ತಿಳಿಯಬೇಡಿ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ, ಇವೆಲ್ಲ ಸೇರಿ ಮೂರು ಲಕ್ಷ ಮೀರುತ್ತದೆ, ಮತ್ತು ಈ ಮಟ್ಟದ ಮನೆಗೆ ಸಾಲ ನಿಗದಿ ಮಾಡುವಾಗ ಬ್ಯಾಂಕು ಆ ವೆಚ್ಚವನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೂ ಇಲ್ಲವಾದ್ದರಿಂದ ತೆರಿಗೆ ಉಳಿತಾಯದ ಆಸೆಯನ್ನು ಲೆಕ್ಕದಿಂದ ತೆಗೆದುಬಿಡಿ. ಬಡ್ಡಿ ಸ್ಥಿರವಲ್ಲ ಎಂಬುದೂ ನೆನಪಿರಲಿ: 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ. 4ರಿಂದ ಶೇ. 6.5ಕ್ಕೆ ಏರಿದಾಗ ಎಷ್ಟೋ ಸಾಲಗಾರರ ಅವಧಿ ಅವರಿಗೆ ಗೊತ್ತಾಗದಂತೆಯೇ ವರ್ಷಗಟ್ಟಲೆ ಬೆಳೆದುಹೋಯಿತು.

ಗ್ರಾಹಕರಿಗೆ ನಾನು ಹೇಳುತ್ತಿದ್ದದ್ದು ಇಷ್ಟೆ. ಕಂತಿಗೂ ಬಾಡಿಗೆಗೂ ಇರುವ ವ್ಯತ್ಯಾಸವನ್ನು, ನಿಮ್ಮ ವಿಷಯದಲ್ಲಿ 14,000 ರೂಪಾಯಿಯನ್ನು, ಈ ತಿಂಗಳಿನಿಂದಲೇ ಆರ್‌ಡಿ (ತಿಂಗಳ ಉಳಿತಾಯದ) ಖಾತೆಗೆ ಕಟ್ಟಿ ನೋಡಿ. ಜೂನಿನ ಶಾಲಾ ಶುಲ್ಕ ಮತ್ತು ಚೌತಿಯ ಖರ್ಚು ಎರಡೂ ಆ ಅವಧಿಯಲ್ಲಿ ಬರಲಿ. ಆಗಲೂ ಆರ್‌ಡಿ ಮುರಿಯದೆ ಉಳಿದರೆ ಸಾಲ ನಿಮ್ಮ ಅಳತೆಗೆ ತಕ್ಕದ್ದು ಎಂದು ಧೈರ್ಯವಾಗಿ ಹೇಳಬಹುದು.

ಉತ್ತರ – ದಸ್ತಾವೇಜು ಬರಹಗಾರ, ಕುಮಟಾ

ನೀವು ಬೆಲೆಯನ್ನು ಬರೆದಿರಿ, ಬಾವಿಯನ್ನು ಬರೆದಿರಿ. ಅವರ್ಸಾದ ಮನೆಯ ಪಹಣಿಯಲ್ಲಿ ಯಾರ ಯಾರ ಹೆಸರಿದೆ ಎಂಬುದನ್ನು ಬರೆಯಲಿಲ್ಲ. ನಮ್ಮ ಕರಾವಳಿಯಲ್ಲಿ ಮನೆ ಕೊಳ್ಳುವ ನಿರ್ಧಾರ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆ ಇಷ್ಟವಾದ ಮೇಲೆ ಕಾಗದ ನೋಡುವವರು ಕಾಗದದಲ್ಲಿರುವ ದೋಷವನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ.

ಪಹಣಿಯ 9ನೆಯ ಕಲಂ ತೆಗೆದು ನೋಡಿ. ಅಜ್ಜ ತೀರಿಕೊಂಡ ಮೇಲೆ ವಾರಸಾ (ವಾರಸುದಾರರ ಹೆಸರು) ದಾಖಲಾಗಿ, ಆಮೇಲೆ ವಾಟ್ನಿಯಾಗದೆ (ಪಾಲಾಗದೆ) ಉಳಿದ ಜಾಗಗಳಲ್ಲಿ ಒಂದರ ಕೆಳಗೊಂದು ಹತ್ತು ಹನ್ನೆರಡು ಹೆಸರುಗಳಿರುತ್ತವೆ: ಒಬ್ಬರು ಮುಂಬೈಯಲ್ಲಿ, ಒಬ್ಬರು ಗೋವಾದಲ್ಲಿ, ಒಬ್ಬರು ತೀರಿಕೊಂಡು ಅವರ ಮಕ್ಕಳ ಹೆಸರು ಇನ್ನೂ ಸೇರದೆ. ಮನೆಯಲ್ಲಿ ವಾಸವಿರುವವರು ಒಬ್ಬರೇ ಆದ ಕಾರಣ ಮಾರುವ ಹಕ್ಕೂ ಅವರೊಬ್ಬರದೇ ಎಂದು ಕೊಳ್ಳುವವರು ನಂಬಿಬಿಡುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿರುವುದರಿಂದ, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯಿಲ್ಲದ ಖರೀದಿ ಪತ್ರ ಮುಂದೆ ದಾವೆಗೆ ಬಾಗಿಲು ತೆರೆಯುತ್ತದೆ. ಸಹಿ ಹಾಕಲು ಅವರು ಒಪ್ಪಿದ್ದಾರೆ ಎಂಬ ಮಾತನ್ನು ಮಾರುವವರ ಬಾಯಿಂದ ಕೇಳಿ ತೃಪ್ತರಾಗದೆ, ನೀವೇ ಅವರೊಡನೆ ಫೋನಿನಲ್ಲಾದರೂ ಮಾತನಾಡಿ.

11ನೆಯ ಕಲಮಿನಲ್ಲಿ ಸೊಸೈಟಿ ಸಾಲದ ಬೋಜಾ (ಹೊರೆ) ಇದೆಯೇ ನೋಡಿ. ಋಣಭಾರ ಪತ್ರ ಕನಿಷ್ಠ 30 ವರ್ಷದ್ದಿರಲಿ. ಮನೆಯಿರುವ ಜಾಗ ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯೇ, ಗ್ರಾಮ ಪಂಚಾಯತಿಯಿಂದ ಇ-ಸ್ವತ್ತು (ಪಂಚಾಯತಿ ಆಸ್ತಿಗಳ ಗಣಕೀಕೃತ ದಾಖಲೆ) ಪ್ರಕಾರ ನಮೂನೆ 9 ಮತ್ತು 11 ಸಿಗುತ್ತವೆಯೇ ಕೇಳಿ; ಅವಿಲ್ಲದ ಮನೆಗೆ ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಾರೆ. ದೊಡ್ಡ ಸರ್ವೆ ನಂಬರಿನಿಂದ ಐದು ಗುಂಟೆ ಒಡೆದು ಕೊಡುವುದಾದರೆ ಮೊದಲು ಮೋಜಣಿಯಾಗಿ (ಸರ್ವೆ ಅಳತೆ) ಮಾರುವ ತುಂಡನ್ನು ಗುರುತಿಸುವ 11ಇ ನಕ್ಷೆ ಬರಬೇಕು. ಜಾಗ ಸರ್ಕಾರದಿಂದ ಮಂಜೂರಾದದ್ದಾಗಿದ್ದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವುದನ್ನು 1978ರ ಕಾಯ್ದೆ ತಡೆಯುತ್ತದೆ. ಅರಣ್ಯ ಅತಿಕ್ರಮಣದ ಜಾಗವಾದರೆ, ಅಲ್ಲಿ ಎಷ್ಟು ಹಳೆಯ ಮನೆಯಿದ್ದರೂ, ಸಕ್ರಮಕ್ಕೆ ಅರ್ಜಿ ಹಾಕಿದ ರಸೀದಿ ತೋರಿಸಿದರೂ, ಕೊಳ್ಳಬೇಡಿ. ಮನೆ ಸಮುದ್ರಕ್ಕೆ ಸಮೀಪವಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯನ್ನೂ ಪರಿಶೀಲಿಸಬೇಕು. ಭರತ ರೇಖೆಯಿಂದ (ಭರತದ ನೀರು ಏರುವ ಮೇಲಿನ ಗಡಿ) 500 ಮೀಟರ್ ಒಳಗಿನ ಜಾಗದಲ್ಲಿ ಇರುವ ಮನೆಯನ್ನು ಕೆಡವಿ ಹೊಸದು ಕಟ್ಟುವ ಲೆಕ್ಕಾಚಾರ ನೀವು ಎಣಿಸಿದಂತೆ ನಡೆಯದೆ ಹೋಗಬಹುದು, ಮತ್ತು ಸಿಆರ್‌ಝಡ್ ನಿಯಮ ಭರತದ ನೀರು ಏರುವ ಹೊಳೆ ದಂಡೆಗೂ ಅನ್ವಯಿಸುತ್ತದೆ, ಅಲ್ಲಿ ದೂರದ ಮಿತಿ ಮಾತ್ರ ಇದಕ್ಕಿಂತ ಕಡಿಮೆ.

ಫ್ಲ್ಯಾಟಿನ ಕಾಗದ ಇಷ್ಟು ಜಟಿಲವಲ್ಲ. ಜಾಗದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು, ನಗರಸಭೆಯ ವಾಸಯೋಗ್ಯ ಪ್ರಮಾಣಪತ್ರ ಮತ್ತು ಇ-ಖಾತಾ ಇವೆಯೇ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ.

ಉತ್ತರ – ಸಿವಿಲ್ ಎಂಜಿನಿಯರ್, ಅಂಕೋಲಾ

ಎರಡೂ ಮನೆಗಳನ್ನು ಜುಲೈ ತಿಂಗಳಲ್ಲಿ, ಮಳೆ ಹಿಡಿದ ದಿನ ನೋಡಿ; ಬಾವಿಯನ್ನು ಮಾತ್ರ ಮೇ ತಿಂಗಳಲ್ಲಿ ನೋಡಿ, ನೀರನ್ನು ಬಾಯಿಗೆ ಹಾಕಿ ಉಪ್ಪಾಗಿದೆಯೇ ಪರೀಕ್ಷಿಸಿ. ದೀಪಾವಳಿಯ ನಂತರ ಸುಣ್ಣಬಣ್ಣ ಬಳಿದ ಮನೆ ಎಲ್ಲವನ್ನೂ ಮುಚ್ಚಿಡುತ್ತದೆ.

ಫ್ಲ್ಯಾಟಿನಲ್ಲಿ ಬಾಲ್ಕನಿಯ ಸ್ಲ್ಯಾಬಿನ ಅಡಿಯನ್ನು ಬೆರಳಿನಿಂದ ತಟ್ಟುತ್ತ ಹೋಗಿ. ಕಡಲಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿದರೆ ಸರಳು ಉಬ್ಬಿ ಗಿಲಾಯಿಯನ್ನು (ಪ್ಲಾಸ್ಟರ್) ಹೊರಕ್ಕೆ ತಳ್ಳುತ್ತದೆ. ಅಂಥ ಕಡೆ ಪೊಳ್ಳು ಸದ್ದು ಬರುತ್ತದೆ, ಸರಳಿನ ಜಾಡಿನಲ್ಲೇ ಉದ್ದಕ್ಕೆ ಬಿರುಕು, ಅದರ ಅಂಚಿನಲ್ಲಿ ಕಂದು ಕಲೆ ಕಾಣುತ್ತದೆ. ಹೊಸ ಗಿಲಾಯಿ ಮೆತ್ತಿದ ತುಂಡು ಮಾತ್ರ ಬೇರೆ ಬಣ್ಣದಲ್ಲಿದ್ದರೆ ಏಕೆಂದು ಕೇಳಿ. ಚಿರೆಕಲ್ಲಿನ ಗೋಡೆ ನೂರು ವರ್ಷ ನಿಲ್ಲಬಲ್ಲದು, ಆದರೆ ಹಂಚಿನ ಕೆಳಗಿನ ಮರದ ಪಕಾಸು, ರೀಪುಗಳಿಗೆ ಒರಲೆ (ಗೆದ್ದಲು) ಹಿಡಿದಿದ್ದರೆ ಮಾಡನ್ನು (ಛಾವಣಿ) ಪೂರ್ತಿ ಬದಲಿಸುವ ವೆಚ್ಚವನ್ನು ಬೆಲೆಯಿಂದ ಕಳೆಯಬೇಕು.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ನೀವು ಬರೆದ ಹಿಂದಿನ ಗುಡ್ಡ. ಅದನ್ನು ಕಡಿದು ಅಂಗಳ ಮಾಡಿದ್ದಾರೆಯೇ, ಕಡಿದ ಮುಖ ಎಷ್ಟು ಎತ್ತರವಿದೆ, ಮಳೆನೀರು ಎಲ್ಲಿಂದ ಇಳಿಯುತ್ತದೆ ಎಂಬುದನ್ನು ನೋಡದೆ ಮುಂದುವರಿಯಬೇಡಿ. 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಆದ ಜೀವಹಾನಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಗುಡ್ಡದಿಂದ ಸಾಕಷ್ಟು ದೂರವಿಲ್ಲದ ಮನೆ ಎಷ್ಟೇ ಅಗ್ಗವಾದರೂ ನಾನು ಬೇಡವೆನ್ನುತ್ತೇನೆ.

ಉತ್ತರ – ಶಿರಸಿಯ ಗೃಹಿಣಿ

ನಿಮ್ಮ ಬರಹದಲ್ಲಿ ಆಯಿಯವರ ಮತ್ತು ಪತ್ನಿಯವರ ಅಭಿಪ್ರಾಯ ಕಾಣಲಿಲ್ಲ. ಮೊಣಕಾಲು ನೋವಿರುವ ಆಯಿ ಎರಡನೆಯ ಮಹಡಿಯಿಂದ ದಿನಕ್ಕೊಮ್ಮೆಯೂ ಇಳಿಯಲಾರದೆ ಹೋದರೆ ಅವರ ಓಡಾಟ ಒಳಗಿನ ಕೋಣೆಗಳಿಗೇ ಸೀಮಿತವಾಗುತ್ತದೆ. ಅವರ್ಸಾದಲ್ಲಿ ಅವರಿಗೆ ಅಂಗಳ ಸಿಗುತ್ತದೆ, ಆದರೆ ಪತ್ನಿಯವರು ಶಾಲೆಗೆ ಪ್ರತಿದಿನ ಬಸ್ಸಿನಲ್ಲಿ ಹೋಗಿ ಬಂದು ಅಡಿಗೆಯನ್ನೂ ನೋಡಿಕೊಳ್ಳಬೇಕಾಗುತ್ತದೆ. ನಿಮಗೆ ಭಟ್ಕಳಕ್ಕೋ ಜೋಯಿಡಾಕ್ಕೋ ವರ್ಗವಾದರೆ ಆ ಮನೆಯ ಭಾರವೆಲ್ಲ ಅವರೊಬ್ಬರ ಮೇಲೆ ಬೀಳುತ್ತದೆ. ಕೆಳಮಹಡಿಯ ಫ್ಲ್ಯಾಟು ಸಿಗುವವರೆಗೆ ಕಾಯಲು ಏನಡ್ಡಿ?

ಮೂಲಮನೆಯ ಪಾಲನ್ನು ಲೆಕ್ಕಕ್ಕೆ ಹಿಡಿಯುವಾಗ ಒಂದು ಎಚ್ಚರ. ತೋಟಕ್ಕೆಂದು ಸರ್ಕಾರ ಬಿಟ್ಟ ಕಾಡಾದ ಸೊಪ್ಪಿನ ಬೆಟ್ಟದ ಮೇಲೆ ನಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವಂಥ ಸವಲತ್ತು ಮಾತ್ರ, ಒಡೆತನವಲ್ಲ. ಮುಂದೆ ಬೆಟ್ಟದಲ್ಲಿ ಮನೆ ಕಟ್ಟಿಕೊಳ್ಳೋಣ ಎಂಬ ಮಾತು ಮನೆಯಲ್ಲಿ ನಡೆಯುತ್ತಿದ್ದರೆ ಅದನ್ನು ಯೋಜನೆಯಿಂದ ಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಮನೆಮಂದಿಯೆಲ್ಲ ಕುಳಿತು ಮಾತನಾಡಿದೆವು. ಆಯಿಗೆ ಮೆಟ್ಟಿಲೇ ಮುಖ್ಯ, ಪತ್ನಿಗೆ ಶಾಲೆಯ ದೂರವೇ ಮುಖ್ಯ ಎಂದು ಸ್ಪಷ್ಟವಾಯಿತು. ಎರಡನೆಯ ಮಹಡಿಯ ಫ್ಲ್ಯಾಟನ್ನು ಕೈಬಿಟ್ಟು, ಕೆಳಮಹಡಿಯದ್ದನ್ನು ಹುಡುಕುತ್ತ ಆರ್‌ಡಿ ಆರಂಭಿಸುತ್ತೇವೆ. ಅವರ್ಸಾದ ಪಹಣಿಯಲ್ಲಿ ಒಂಬತ್ತು ಹೆಸರುಗಳಿವೆ. ಮಾರುವವರು ಈಗಲೇ ಒಂದು ಲಕ್ಷ ಸಂಚಕಾರ ಕೊಟ್ಟು ಜಾಗ ಹಿಡಿದಿಟ್ಟುಕೊಳ್ಳಿ ಎನ್ನುತ್ತಿದ್ದಾರೆ. ಕೊಡಬಹುದೇ?

ದಸ್ತಾವೇಜು ಬರಹಗಾರ, ಕುಮಟಾ

ಕೊಡಬೇಡಿ. ಒಂಬತ್ತೂ ಜನ, ತೀರಿಕೊಂಡವರಿದ್ದರೆ ಅವರ ವಾರಸುದಾರರು, ಸಹಿ ಮಾಡಿದ ಖರೀದಿ ಕರಾರು ನೋಂದಣಿಯಾಗುವ ದಿನ, ಅದೇ ಕಚೇರಿಯಲ್ಲಿ, ಚೆಕ್ಕಿನ ಮೂಲಕ ಕೊಡಿ; ಸಾಲ ಮಂಜೂರಾಗದಿದ್ದರೆ ಅಥವಾ ಹಕ್ಕಿನಲ್ಲಿ ದೋಷ ಕಂಡರೆ ಹಣ ಮರಳಿ ಕೊಡಬೇಕು ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿ. ಅದಕ್ಕೂ ಮೊದಲು ಸ್ಥಳೀಯ ಪತ್ರಿಕೆಯಲ್ಲಿ ವಕೀಲರ ಮೂಲಕ ಜಾಹೀರು ನೋಟೀಸು ಕೊಡಿಸಿ ತಕರಾರಿಗೆ ಅವಕಾಶ ಕೊಡಿ. ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದು ಮಾರುವವರು ಅವಸರಪಡಿಸಿದರೆ ಆ ಗಿರಾಕಿಯೇ ಕೊಳ್ಳಲಿ ಎಂದು ಬಿಟ್ಟುಬಿಡಿ.